ಬಿಸಿಯಾದಾಗ ಮಾತ್ರ ಕೈಕೊಡುವ ಬ್ರೇಕ್: ಆಗುಂಬೆ ಘಾಟಿಯ ಒಂದು ಪ್ರಕರಣ

ಊರೊಳಗೆ ಓಡಿಸಿದರೆ ಬ್ರೇಕ್ ಚೆನ್ನಾಗಿದೆ. ಘಾಟಿಯಲ್ಲಿ ಪೆಡಲ್ ನೆಲಕ್ಕೆ ಹೋಗುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ. ಈ ದೂರು ಹೊತ್ತು ಒಂದು ಕಾರು ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಬಂತು. ಅಷ್ಟರಲ್ಲಿ ಅದು ಬೇರೆ ಎರಡು ಗ್ಯಾರೇಜ್ ನೋಡಿಯಾಗಿತ್ತು, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹೊಸದಾಗಿತ್ತು, ಚಕ್ರದ ಡಿಸ್ಕನ್ನು ಹಿಡಿಯುವ ಪ್ಯಾಡ್ ಹೊಸದಾಗಿತ್ತು. ದೋಷ ಮಾತ್ರ ಹಾಗೇ ಇತ್ತು. ಮಲೆನಾಡಿನಲ್ಲಿ ಕಾರು ಇಟ್ಟವರಿಗೂ ನಮ್ಮ ಕೆಲಸದವರಿಗೂ ಉಪಯೋಗವಾಗಲಿ ಅಂತ ಮಾಲೀಕರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಕಾರಿನ ಕಂಪನಿ, ಹಿಂದಿನ ಗ್ಯಾರೇಜುಗಳ ಗುರುತು ಯಾವುದೂ ಇಲ್ಲಿಲ್ಲ.

ಹಿನ್ನೆಲೆ

ಮಾಲೀಕರು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಕಾರು ಚಿಕ್ಕ ಪೆಟ್ರೋಲ್ ಗಾಡಿ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. ಇದು ಅದಕ್ಕೂ ಹಿಂದಿನ ಗಾಡಿ, ಎಬಿಎಸ್ ಇಲ್ಲ. ಮನೆಯ ಹಿರಿಯರೊಬ್ಬರ ಚಿಕಿತ್ಸೆಗೆ ಮಣಿಪಾಲಕ್ಕೆ ಆಗಾಗ ಹೋಗಬೇಕು. ಅಂದರೆ ಪ್ರತಿ ಸಲ ಆಗುಂಬೆ ಘಾಟಿ ಇಳಿಯಬೇಕು, ಅದೂ ಕಾರು ತುಂಬ ಜನ ಕೂರಿಸಿಕೊಂಡು.

ಗಾಡಿಯನ್ನು ಕಡೆಗಣಿಸಿದ ಮನೆಯಲ್ಲ ಅದು. ಇಂಜಿನ್ ಆಯಿಲ್ ಸರಿಯಾದ ಸಮಯಕ್ಕೆ ಬದಲಾಗಿದೆ, ಟೈರ್ ಚೆನ್ನಾಗಿವೆ, ಬಿಲ್‌ಗಳೆಲ್ಲ ಒಂದು ಫೈಲಿನಲ್ಲಿವೆ. ಆ ಫೈಲನ್ನು ಮೊದಲಿಂದ ಕೊನೆವರೆಗೆ ನೋಡಿದೆ. ಬ್ರೇಕ್ ಆಯಿಲ್ 'ಟಾಪ್ ಅಪ್' ಅಂತ ಹಲವು ಕಡೆ ಇತ್ತು. ಹಳೆಯದನ್ನು ಪೂರ್ತಿ ತೆಗೆದು ಹೊಸದು ತುಂಬಿದ ಬಿಲ್ ಒಂದೂ ಇರಲಿಲ್ಲ. ನಮ್ಮ ಕಡೆಯ ಹೆಚ್ಚಿನ ಕಾರುಗಳ ಕತೆ ಇದೇ. ಇಂಜಿನ್ ಆಯಿಲ್ ಬದಲಿಸಬೇಕು ಅಂತ ಎಲ್ಲರಿಗೂ ಗೊತ್ತು. ಬ್ರೇಕ್ ಆಯಿಲ್‌ಗೂ ವಯಸ್ಸಾಗುತ್ತದೆ ಅಂತ ಯಾರೂ ಹೇಳುವುದೇ ಇಲ್ಲ.

ಬ್ರೇಕ್ ಕೆಲಸ ಮಾಡುವ ಬಗೆಯನ್ನು ಇಲ್ಲೇ ಸ್ವಲ್ಪ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಪೆಡಲ್ ಒತ್ತಿದರೆ ಬೂಸ್ಟರ್ ಆ ಬಲವನ್ನು ಹೆಚ್ಚಿಸಿ ಮಾಸ್ಟರ್ ಸಿಲಿಂಡರಿಗೆ ಕೊಡುತ್ತದೆ. ಅಲ್ಲಿಂದ ಆಯಿಲ್ ಎರಡು ಪ್ರತ್ಯೇಕ ಲೈನ್‌ಗಳಲ್ಲಿ ಹೊರಡುತ್ತದೆ. ಈ ಕಾರಿನಲ್ಲಿ ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರ ಒಂದು ಲೈನ್. ಮುಂದಿನ ಬಲ ಮತ್ತು ಹಿಂದಿನ ಎಡ ಇನ್ನೊಂದು. ಒಂದು ಲೈನ್ ಹೋದರೂ ಇನ್ನೊಂದು ಉಳಿಯಲಿ ಅನ್ನುವುದು ಉದ್ದೇಶ. ಇಡೀ ವ್ಯವಸ್ಥೆ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ. ಗಾಳಿ ಮತ್ತು ಆವಿ ಕುಗ್ಗುತ್ತವೆ. ಲೈನಿನಲ್ಲಿ ಅವು ಸೇರಿದರೆ ಪೆಡಲ್ ಅವುಗಳನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ.

ಸಮಸ್ಯೆ

ಮೊದಲ ಸಲ ಹೀಗಾದದ್ದು ಬೇಸಿಗೆಯಲ್ಲಿ. ಕಾರಿನಲ್ಲಿ ಐದು ಜನ, ಹಿಂದೆ ಸಾಮಾನು. ಘಾಟಿಯ 14 ತಿರುವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದಾಗಿತ್ತು. "ಮಾರಾಯ್ರೆ, ಪೆಡಲ್ ಮೆತ್ತಗಾಯ್ತು. ಮುಂದಿನ ತಿರುವಿಗೆ ಒತ್ತಿದ್ರೆ ಹಾಗೇ ಒಳಗೆ ಹೋಯ್ತು. ಪೂರ್ತಿ ಕೊನೇಲಿ ಒಂಚೂರು ಹಿಡೀತು, ಅಷ್ಟೇ" ಅಂದರು ಮಾಲೀಕರು.

ಆ ಹೊತ್ತಿನಲ್ಲಿ ಅವರು ಮಾಡಿದ್ದೆಲ್ಲ ಸರಿಯಾಗಿತ್ತು. ಪೆಡಲನ್ನು ಬೇಗ ಬೇಗ ಪಂಪ್ ಮಾಡಿದರು. ಮೂರನೇ ಗೇರಿನಿಂದ ಎರಡಕ್ಕೆ, ಆಮೇಲೆ ಒಂದಕ್ಕೆ ತಂದರು. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ, ಗುಂಡಿ ಒತ್ತಿಹಿಡಿದು ಸ್ವಲ್ಪ ಸ್ವಲ್ಪವಾಗಿ ಎಳೆದರು. ಇಂಜಿನ್ ಆಫ್ ಮಾಡಲಿಲ್ಲ. ಆಫ್ ಮಾಡಿದರೆ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತ ಕೆಲವೇ ಒತ್ತಿಗೆ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ಸ್ಟೀರಿಂಗ್ ಕೂಡ ಭಾರವಾಗುತ್ತದೆ. ರಸ್ತೆ ಅಗಲ ಇದ್ದ ಕಡೆ ಗುಡ್ಡದ ಬದಿಗೆ ಕಾರು ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಅಲ್ಲಿ ನಿಂತ ಬೇರೆ ಗಾಡಿಯವರು ಚಕ್ರಕ್ಕೆ ನೀರು ಹಾಕಿ ಅಂದರಂತೆ, ಇವರು ಹಾಕಿದರಂತೆ. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಅಷ್ಟು ಕಾದ ಡಿಸ್ಕಿನ ಮೇಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಸುಮ್ನೆ ನಿಲ್ಲಿಸಿ, ತಾನಾಗೇ ಆರಲಿ.

ಆರಿದ ಮೇಲೆ ಪೆಡಲ್ ಗಟ್ಟಿಯಾಯಿತು. ಅವರು ನಿಧಾನ ಇಳಿದು ಮಣಿಪಾಲ ಮುಟ್ಟಿ, ಅದೇ ಕಾರಿನಲ್ಲಿ ವಾಪಸ್ ಬಂದರು. ಬ್ರೇಕ್ ತಾನಾಗೇ ಸರಿಹೋಯಿತು ಅನ್ನುವ ಈ ಸಮಾಧಾನ ತುಂಬ ಅಪಾಯದ್ದು. ಮೆತ್ತಗಾಗಿ ಮತ್ತೆ ಗಟ್ಟಿಯಾದ ಪೆಡಲ್ ಅಂದರೆ ಒಳಗೆ ಆಯಿಲ್ ಕುದಿದು ಮತ್ತೆ ತಣ್ಣಗಾಗಿದೆ ಅಂತ ಅರ್ಥ ಮಾಡಿಕೊಳ್ಳಬೇಕು. ಅದೇ ಬಿಸಿ ಸಿಕ್ಕರೆ ಅದು ಇನ್ನೊಮ್ಮೆ ಕುದಿಯುತ್ತದೆ.

ಮೊದಲು ಮಾಡಿದ ಪ್ರಯತ್ನಗಳು

ಮೊದಲ ಗ್ಯಾರೇಜಿನಲ್ಲಿ ಪೆಡಲ್ ಒತ್ತಿ ನೋಡಿದರು, ಗಟ್ಟಿ ಇತ್ತು. ಸೋರಿಕೆ ಇರಲಿಲ್ಲ. ಏರ್ ಸೇರಿಕೊಂಡಿರಬೇಕು ಅಂತ ಸ್ವಲ್ಪ ಬ್ಲೀಡ್ ಮಾಡಿ, ಅಂದರೆ ಚಕ್ರದ ಕಡೆಯಿಂದ ಆಯಿಲ್ ಜೊತೆ ಗಾಳಿ ಹೊರಬಿಟ್ಟು, ಆಯಿಲ್ ತುಂಬಿಸಿ ಕಳಿಸಿದರು. ಕೆಲವು ವಾರಗಳ ನಂತರ ಹುಲಿಕಲ್ ಘಾಟಿ ಇಳಿಯುವಾಗ ಮತ್ತೆ ಪೆಡಲ್ ಮೆತ್ತಗಾಯಿತು. ಈ ಸಲ ಅಷ್ಟು ಕೆಟ್ಟದಾಗಿರಲಿಲ್ಲ, ಕಾರಿನಲ್ಲಿ ಇಬ್ಬರೇ ಇದ್ದರು.

ಎರಡನೇ ಗ್ಯಾರೇಜಿನವರ ಯೋಚನೆ ಬೇರೆ. ಪೆಡಲ್ ಕೆಳಗೆ ಹೋಗುತ್ತದೆ, ಹೊರಗೆ ಸೋರುತ್ತಿಲ್ಲ, ಹಾಗಾದರೆ ಮಾಸ್ಟರ್ ಸಿಲಿಂಡರ್ ಒಳಗೇ ಆಯಿಲ್ ಜಾರುತ್ತಿದೆ. ಈ ತರ್ಕದಲ್ಲಿ ತಪ್ಪಿಲ್ಲ, ಹಾಗೆ ಆಗುವ ಗಾಡಿಗಳೂ ಇವೆ. ಆದರೆ ಒಳಗಿನ ಕಪ್ (ರಬ್ಬರ್ ಸೀಲ್) ಸವೆದ ಮಾಸ್ಟರ್ ಸಿಲಿಂಡರನ್ನು ಪರೀಕ್ಷಿಸುವುದು ಸುಲಭ. ಪೆಡಲನ್ನು ಒಂದೇ ಸಮ ಒತ್ತಿಹಿಡಿದು ಒಂದು ನಿಮಿಷ ಕಾಯಬೇಕು. ನಿಧಾನಕ್ಕೆ ಕೆಳಗಿಳಿದರೆ ಅನುಮಾನ ನಿಜ. ಮಾಲೀಕರ ಪ್ರಕಾರ ಆ ಪರೀಕ್ಷೆ ಯಾರೂ ಮಾಡಲಿಲ್ಲ. ಮಾಸ್ಟರ್ ಸಿಲಿಂಡರ್ ಬದಲಾಯಿತು, ಜೊತೆಗೆ ಮುಂದಿನ ಪ್ಯಾಡ್‌ಗಳೂ. ಸ್ಟೀರಿಂಗ್ ಎಡಕ್ಕೆ ಎಳೆಯುತ್ತದೆ ಅಂತ ಹೇಳಿದ್ದಕ್ಕೆ ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಿದರು.

ಮೂರನೇ ಸಲ ಮತ್ತೆ ಆಗುಂಬೆಯಲ್ಲೇ ಆಯಿತು. ಅಲ್ಲಿಂದ ಮುಂದೆ ಮನೆಯವರು ಆ ಕಾರಿನಲ್ಲಿ ಘಾಟಿ ಇಳಿಯುವುದನ್ನೇ ಬಿಟ್ಟರು.

ನಮ್ಮಲ್ಲಿಗೆ ಬಂದ ಮೇಲೆ

ಮೊದಲ ನಿರ್ಧಾರ: ದೋಷ ಕಣ್ಣಿಗೆ ಕಾಣುವವರೆಗೆ ಒಂದು ಸಾಮಾನನ್ನೂ ಬದಲಿಸುವುದಿಲ್ಲ. ಇದಕ್ಕೆ ಮಾಲೀಕರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಹಣ ಖರ್ಚಾಗಿ ಬೇಸತ್ತಿದ್ದರು, ಬೇಗ ಏನಾದರೂ ಮಾಡಿ ಅನ್ನುತ್ತಿದ್ದರು. ಎರಡು ದಿನ ಗಾಡಿ ಬಿಡಿ ಅಂತ ಕೇಳಿಕೊಂಡೆ.

ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿಕೊಂಡೆವು. ಆಯಿಲ್ ಕುದಿಯುವಷ್ಟು ಬಿಸಿ ಎಲ್ಲಿಂದ ಬರುತ್ತಿದೆ? ಆ ಬಿಸಿಗೆ ಆಯಿಲ್ ಯಾಕೆ ಕುದಿಯುತ್ತಿದೆ? ಒಂದಕ್ಕೆ ಉತ್ತರ ಸಿಕ್ಕರೆ ಇನ್ನೊಂದೂ ಸಿಕ್ಕಿತು ಅಂತ ತಿಳಿಯಬಾರದು.

ಬಿಸಿಯ ಲೆಕ್ಕ ಒಮ್ಮೆ ಹಾಕಿ ನೋಡಿ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,400 ಕೆಜಿ ತೂಗುವ ಕಾರು 500 ಮೀಟರ್ ಕೆಳಗಿಳಿದರೆ ಸುಮಾರು 70 ಲಕ್ಷ ಜೂಲ್ ಶಕ್ತಿ ಎಲ್ಲೋ ಹೋಗಬೇಕು. ಬಚ್ಚಲು ಹಂಡೆಯಲ್ಲಿ 20 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು ಬಿಸಿ ಅದು. ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಇಂಜಿನ್ ತೆಗೆದುಕೊಳ್ಳುತ್ತದೆ. ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಇಳಿದರೆ ಹೆಚ್ಚಿನದೆಲ್ಲ ಡಿಸ್ಕ್, ಡ್ರಮ್‌ಗಳಿಗೆ.

ಹಾಗಂತ ಎಲ್ಲ ಕಾರುಗಳೂ ಆಗುಂಬೆಯಲ್ಲಿ ಬ್ರೇಕ್ ಕಳೆದುಕೊಳ್ಳುವುದಿಲ್ಲ ಅಲ್ವಾ. ಈ ಕಾರಿನಲ್ಲಿ ಏನೋ ಹೆಚ್ಚುವರಿ ಬಿಸಿ ಹುಟ್ಟುತ್ತಿತ್ತು.

ಆಯಿಲ್ ವಿಷಯದಲ್ಲಿ ಮೊದಲು ದಾರಿ ತಪ್ಪುವ ಹಾಗಿತ್ತು. ಮಾಸ್ಟರ್ ಸಿಲಿಂಡರ್ ಮೇಲಿನ ಡಬ್ಬಿಯಲ್ಲಿದ್ದ ಆಯಿಲ್ ತಿಳಿಯಾಗಿ, ಹೊಸದಾಗಿ ಕಾಣುತ್ತಿತ್ತು. ನೀರಿನ ಅಂಶ ತೋರಿಸುವ ಪೆನ್ನಿನ ಟೆಸ್ಟರ್ ಅದ್ದಿದರೆ ಹಸಿರು ದೀಪ. ಅಲ್ಲಿಗೇ ನಿಲ್ಲಿಸಿದ್ದರೆ ಆಯಿಲ್ ಚೆನ್ನಾಗಿದೆ ಅಂತ ಬರೆದು ಮುಂದೆ ಹೋಗುತ್ತಿದ್ದೆವು. ಆದರೆ ಕುದಿಯುವುದು ಡಬ್ಬಿಯ ಆಯಿಲ್ ಅಲ್ಲ, ಚಕ್ರದ ಹತ್ತಿರ ಕ್ಯಾಲಿಪರಿನಲ್ಲಿರುವ, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗದಲ್ಲಿರುವ ಆಯಿಲ್. ಮಾಸ್ಟರ್ ಸಿಲಿಂಡರ್ ಹಾಕಿದವರು ಪೆಡಲ್ ಗಟ್ಟಿಯಾಗುವಷ್ಟು ಮಾತ್ರ ಬ್ಲೀಡ್ ಮಾಡಿದ್ದರೆ ಹೊಸ ಆಯಿಲ್ ಮೇಲೆ, ಹಳೆಯದು ಕೆಳಗೆ ಉಳಿದಿರುತ್ತದೆ. ಹಾಗಾಗಿ ನಾಲ್ಕೂ ಚಕ್ರದ ನಿಪ್ಪಲ್‌ನಿಂದ (ಆಯಿಲ್ ಹೊರಬಿಡುವ ಚಿಕ್ಕ ಸ್ಕ್ರೂ) ಸ್ವಲ್ಪ ಸ್ವಲ್ಪ ಆಯಿಲ್ ಬೇರೆ ಬೇರೆ ಬಾಟಲಿಗೆ ತೆಗೆದೆವು. ಬಂದದ್ದು ಕಪ್ಪು ಕಂದು ಬಣ್ಣದ್ದು. ಮುಂದಿನ ಎಡಚಕ್ರದ್ದು ಎಲ್ಲಕ್ಕಿಂತ ಕಪ್ಪು. ಪೆನ್ ಟೆಸ್ಟರ್ ಕೆಂಪು ತೋರಿಸಿತು. ಬಿಸಿ ಮಾಡಿ ಪರೀಕ್ಷಿಸುವ ಟೆಸ್ಟರಿನಲ್ಲಿ ಅದು 150 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಿತು.

ಬ್ರೇಕ್ ಆಯಿಲ್‌ನಲ್ಲಿ ಡಾಟ್ 3, ಡಾಟ್ 4 ಅಂತ ದರ್ಜೆಗಳಿವೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು ಅನ್ನುವುದು ಅದರ ಮಾನದಂಡ. ಡಾಟ್ 3 ಆದರೆ 205. ಆದರೆ ಈ ಆಯಿಲ್‌ಗಳು ಗಾಳಿಯ ತೇವವನ್ನು ಹೀರುತ್ತವೆ. ರಬ್ಬರ್ ಹೋಸಿನ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ನೀರು ನಿಧಾನಕ್ಕೆ ಒಳಗೆ ಸೇರುತ್ತಲೇ ಇರುತ್ತದೆ. ನೀರಿನ ಪಾಲು 3.7 ಶೇಕಡ ಆಗುವ ಹೊತ್ತಿಗೆ ಡಾಟ್ 4ರ ಕುದಿಯುವ ಬಿಂದು 155ರವರೆಗೆ, ಡಾಟ್ 3ರದ್ದು 140ರವರೆಗೆ ಇಳಿಯಬಹುದು. ತಿಂಗಳುಗಟ್ಟಲೆ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ವರ್ಷಗಟ್ಟಲೆ ಬದಲಿಸದ ಆಯಿಲ್ ಒಣಗಿ ಕೂತಿರುತ್ತದೆಯೇ?

ಎರಡನೇ ಪ್ರಶ್ನೆಗೆ ಇದು ಉತ್ತರವಾಯಿತು. ಇಲ್ಲಿಗೇ ಆಯಿಲ್ ಬದಲಿಸಿ ಕಳಿಸಿದ್ದರೆ ಏನಾಗುತ್ತಿತ್ತು? ಬಹುಶಃ ಒಂದೆರಡು ಸಲ ಘಾಟಿ ಚೆನ್ನಾಗಿ ಇಳಿಯುತ್ತಿತ್ತು. ಮಾಲೀಕರು ಖುಷಿಯಾಗುತ್ತಿದ್ದರು. ಬಿಸಿ ಹುಟ್ಟಿಸುವ ಮೂಲ ಮಾತ್ರ ಅಲ್ಲೇ ಉಳಿಯುತ್ತಿತ್ತು. ನಮ್ಮ ಹುಡುಗರಲ್ಲಿ ಒಬ್ಬ ಅಷ್ಟಕ್ಕೇ ಮುಗಿಸೋಣ ಅಂದ. ನಾನು ಒಪ್ಪಲಿಲ್ಲ. ಎಡಚಕ್ರದ ಆಯಿಲ್ ಮಾತ್ರ ಯಾಕೆ ಅಷ್ಟು ಕಪ್ಪು ಅನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು.

ತಿರುವು

ಮಾರನೇ ದಿನ ಮಾಲೀಕರ ಜೊತೆ ಅವರ ಹೆಂಡತಿಯೂ ಬಂದಿದ್ದರು. ಅಲ್ಲಿಯವರೆಗೆ ಎಲ್ಲರೂ ಮಾತಾಡಿಸಿದ್ದು ಕಾರು ಓಡಿಸಿದವರನ್ನು. "ಅಕ್ಕಾ, ನೀವು ಎಲ್ಲಿ ಕೂತಿದ್ರಿ? ಏನಾದ್ರೂ ಬೇರೆ ಗೊತ್ತಾಯ್ತಾ?" ಅಂತ ಕೇಳಿದೆ.

"ನಾನು ಮುಂದೇನೇ ಕೂತಿದ್ದು. ಪೆಡಲ್ ಹೋಗೋಕೆ ಎಷ್ಟೋ ಮೊದ್ಲೇ ಸುಟ್ಟ ವಾಸ್ನೆ ಬರ್ತಿತ್ತು. ಮೂರು ಸಲವೂ ಬಂದಿತ್ತು. ಇವ್ರಿಗೆ ಹೇಳ್ದೆ, ಹೊರಗಡೆ ಲಾರಿದು ಅಂದ್ರು. ಇಳಿದಾಗ ನನ್ನ ಕಡೆ ಚಕ್ರದ ಹತ್ರ ನಿಲ್ಲೋಕೆ ಆಗ್ತಿರ್ಲಿಲ್ಲ, ಅಷ್ಟು ಕಾವು. ಆ ಕಡೆ ಹಾಗಿರ್ಲಿಲ್ಲ."

ಇಡೀ ಪ್ರಕರಣದಲ್ಲಿ ಇಷ್ಟು ಬೆಲೆಬಾಳುವ ಮಾಹಿತಿ ಬೇರೆ ಸಿಗಲಿಲ್ಲ. ಅವರು ಕೂತದ್ದು ಎಡಗಡೆ ಸೀಟಿನಲ್ಲಿ. ಎಡಗಡೆಯ ಮುಂದಿನ ಚಕ್ರ ಒಂದೇ ಅತಿಯಾಗಿ ಕಾಯುತ್ತಿದೆ. ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿದ್ದದ್ದಕ್ಕೂ ಅರ್ಥ ಸಿಕ್ಕಿತು. ಅದು ಅಲೈನ್‌ಮೆಂಟ್ ದೋಷವೇ ಆಗಿರಲಿಲ್ಲ, ಎಡಬ್ರೇಕ್ ಬಿಡದೆ ಹಿಡಿದುಕೊಳ್ಳುತ್ತಿತ್ತು. ಪೆಡಲ್ ಪೂರ್ತಿ ಹೋಗದೆ ಕೊನೆಯಲ್ಲಿ ಸ್ವಲ್ಪ ಹಿಡಿದದ್ದಕ್ಕೂ ಇದೇ ಕಾರಣ. ಆವಿ ತುಂಬಿದ್ದು ಎಡಚಕ್ರದ ಲೈನಿನಲ್ಲಿ, ಇನ್ನೊಂದು ಲೈನ್ ಬದುಕಿತ್ತು.

ಚಕ್ರ ಬಿಚ್ಚಿದೆವು. ಎರಡನೇ ಗ್ಯಾರೇಜಿನವರು ಒಂದೇ ದಿನ ಹಾಕಿದ್ದ ಪ್ಯಾಡ್‌ಗಳಲ್ಲಿ ಬಲಗಡೆಯವು ಹೆಚ್ಚೂಕಡಿಮೆ ಹೊಸದಾಗೇ ಇದ್ದವು. ಎಡಗಡೆಯವು ಅರ್ಧ ಸವೆದಿದ್ದವು. ಎಡಡಿಸ್ಕಿನ ಮೇಲೆ ನೀಲಿ ಕಲೆಗಳು. ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಎಡಚಕ್ರದ ಒಳಗಿನ ಪ್ಯಾಡ್ ಮತ್ತು ಹೊರಗಿನ ಪ್ಯಾಡ್ ಎರಡೂ ಒಂದೇ ಸಮ ಸವೆದಿದ್ದವು. ಕ್ಯಾಲಿಪರ್ ಆಚೀಚೆ ಜಾರಲು ಇರುವ ಸ್ಲೈಡ್ ಪಿನ್ ಕಚ್ಚಿಕೊಂಡಿದ್ದರೆ ಸಾಮಾನ್ಯವಾಗಿ ಒಂದು ಪ್ಯಾಡ್ ಹೆಚ್ಚು ಸವೆಯುತ್ತದೆ. ಇಲ್ಲಿ ಹಾಗಿರಲಿಲ್ಲ. ಪಿನ್‌ಗಳು ಕೈಯಲ್ಲಿ ಸರಾಗವಾಗಿ ಜಾರುತ್ತಿದ್ದವು. ಹಾಗಾದರೆ ಒತ್ತಡವೇ ಬಿಟ್ಟುಹೋಗುತ್ತಿಲ್ಲವೇ?

ಮತ್ತೆ ಚಕ್ರ ಹಾಕಿ, ಜನಸಂಚಾರ ಇಲ್ಲದ ಸಮತಟ್ಟು ರಸ್ತೆಗೆ ಒಯ್ದೆವು. ಹಾಳಾದ ಬ್ರೇಕಿನ ಗಾಡಿಯನ್ನು ಪರೀಕ್ಷೆಗೆ ಅಂತ ಘಾಟಿಗೆ ಒಯ್ಯಬಾರದು. ಬಿಸಿಯನ್ನು ಸಮತಟ್ಟಿನಲ್ಲೂ ಹುಟ್ಟಿಸಬಹುದು. ಮೊದಲು ಬ್ರೇಕ್ ಮುಟ್ಟದಂತೆ ಕೆಲವು ಕಿಲೋಮೀಟರ್ ಓಡಿಸಿ ದೂರದಿಂದಲೇ ಬಿಸಿ ಅಳೆಯುವ ಥರ್ಮಾಮೀಟರ್ ಹಿಡಿದೆವು. ಎರಡೂ ಡಿಸ್ಕ್ ಸುಮಾರಾಗಿ ಒಂದೇ, ಬರೀ ಬೆಚ್ಚಗೆ. ಅಂದರೆ ಬ್ರೇಕ್ ಸದಾ ಹಿಡಿದುಕೊಂಡಿರುವುದಿಲ್ಲ. ಊರೊಳಗೆ ಯಾರಿಗೂ ಗೊತ್ತಾಗದೇ ಇದ್ದದ್ದು ಇದಕ್ಕೇ.

ಆಮೇಲೆ 50 ಕಿಲೋಮೀಟರ್ ವೇಗದಿಂದ ಮತ್ತೆ ಮತ್ತೆ ಜೋರಾಗಿ ಬ್ರೇಕ್ ಒತ್ತಿ ನಿಲ್ಲಿಸಿದೆವು. ಆಗ ವ್ಯತ್ಯಾಸ ಎದ್ದು ಕಂಡಿತು. ಎಡಡಿಸ್ಕ್ ಬಲದ್ದಕ್ಕಿಂತ ಸುಮಾರು 100 ಡಿಗ್ರಿ ಹೆಚ್ಚು ಕಾದಿತ್ತು. ಬ್ರೇಕ್ ಬಿಟ್ಟ ಮೇಲೂ ಇಳಿಯುತ್ತಿರಲಿಲ್ಲ. ತಕ್ಷಣ ಪಕ್ಕಕ್ಕೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜ್ಯಾಕ್ ಮತ್ತು ಸ್ಟ್ಯಾಂಡ್ ಹಾಕಿ ಎತ್ತಿದೆವು. ಬಲಚಕ್ರ ಕೈಯಲ್ಲಿ ತಿರುಗಿತು. ಎಡಚಕ್ರ ಅಲುಗಲಿಲ್ಲ.

ಇಲ್ಲಿಂದ ಮುಂದಿನ ಕ್ರಮ ನಮ್ಮ ಕೆಲಸದವರು ನೆನಪಿಡಲೇಬೇಕಾದದ್ದು. ಚಕ್ರ ಹಿಡಿದುಕೊಂಡಿರುವಾಗ ಮೊದಲು ಮಾಸ್ಟರ್ ಸಿಲಿಂಡರ್ ಕಡೆಯಿಂದ ಬರುವ ಕಬ್ಬಿಣದ ಪೈಪು ರಬ್ಬರ್ ಹೋಸಿಗೆ ಸೇರುವ ಜಾಗದ ನಟ್ ಸಡಿಲಿಸಬೇಕು. ಅಲ್ಲಿ ಸಡಿಲಿಸಿದ ಕೂಡಲೇ ಚಕ್ರ ಬಿಟ್ಟರೆ ದೋಷ ಮೇಲಿದೆ. ಮಾಸ್ಟರ್ ಸಿಲಿಂಡರಿನ ವಾಪಸ್ ರಂಧ್ರ ಮುಚ್ಚಿದೆ ಅಥವಾ ಪೆಡಲಿನ ಬಲ ತಲುಪಿಸುವ ಪುಶ್ ರಾಡಿಗೆ ಆಟ ಇಲ್ಲ ಅಂತ ಅನುಮಾನಿಸಬಹುದು. ಅಲ್ಲಿ ಬಿಡದೆ, ಕ್ಯಾಲಿಪರಿನ ನಿಪ್ಪಲ್ ಸಡಿಲಿಸಿದಾಗ ಮಾತ್ರ ಬಿಟ್ಟರೆ ದೋಷ ನಡುವಿನ ಹೋಸಿನಲ್ಲಿದೆ. ನಿಪ್ಪಲ್ ತೆರೆದರೂ ಬಿಡದಿದ್ದರೆ ಪಿಸ್ಟನ್ನೋ ಪಿನ್ನೋ ಕಚ್ಚಿಕೊಂಡಿದೆ. ಕನ್ನಡಕ ಮತ್ತು ಕೈಗವಸು ಇಲ್ಲದೆ ಇದನ್ನು ಮಾಡಬೇಡಿ, ಆಯಿಲ್ ಸುಡುವಷ್ಟು ಬಿಸಿ ಇರುತ್ತದೆ.

ನಾವು ಪೈಪಿನ ನಟ್ ಸಡಿಲಿಸಿದೆವು. ಒಂದೆರಡು ಹನಿ ಬಂತು, ಚಕ್ರ ಹಾಗೇ ಗಟ್ಟಿ. ನಿಪ್ಪಲ್ ಸಡಿಲಿಸಿದೆವು. ಆಯಿಲ್ ಚಿಮ್ಮಿತು, ಚಕ್ರ ತಿರುಗಿತು.

ಹೋಸ್ ಹೊರಗಿನಿಂದ ಚೆನ್ನಾಗಿತ್ತು. ಬಿರುಕಿಲ್ಲ, ಉಬ್ಬಿಲ್ಲ, ಸೋರಿಕೆ ಇಲ್ಲ. ಬಿಚ್ಚಿ ಉದ್ದಕ್ಕೆ ಸೀಳಿದಾಗ ಒಳಪದರದ ರಬ್ಬರ್ ಒಂದು ಕಡೆ ಕಿತ್ತು ನಾಲಗೆಯ ಹಾಗೆ ಎದ್ದಿತ್ತು. ಪೆಡಲ್ ಒತ್ತಿದಾಗ ಆಯಿಲ್ ಅದನ್ನು ತಳ್ಳಿಕೊಂಡು ಚಕ್ರದ ಕಡೆ ಹೋಗುತ್ತದೆ. ಕಾಲು ತೆಗೆದಾಗ ವಾಪಸ್ ಬರುವ ದಾರಿಯನ್ನು ಅದು ಮುಚ್ಚುತ್ತದೆ. ಊರೊಳಗಿನ ಹಗುರ ಬ್ರೇಕಿಗೆ ಆಯಿಲ್ ಹೇಗೋ ನುಸುಳಿ ಬರುತ್ತಿತ್ತು. ಘಾಟಿಯಲ್ಲಿ ಜೋರಾಗಿ, ಮೇಲಿಂದ ಮೇಲೆ ಒತ್ತುವಾಗ ಬಿಡುವಷ್ಟು ಸಮಯ ಸಿಗುತ್ತಿರಲಿಲ್ಲ.

ಒಳಪದರ ಯಾಕೆ ಕಿತ್ತಿತು? ವಯಸ್ಸು ಒಂದು ಕಾರಣ ಇರಬಹುದು. ಇನ್ನೊಂದು ಸುಳಿವು ಮಾಲೀಕರ ಮಗನ ಮೊಬೈಲಿನಲ್ಲಿ ಸಿಕ್ಕಿತು. ಒಂದೆರಡು ವರ್ಷ ಹಿಂದೆ ಬೇರೆ ಊರಿನಲ್ಲಿ ಪ್ಯಾಡ್ ಬದಲಿಸಿದಾಗ ಅಪ್ಪನಿಗೆ ತೋರಿಸಲು ಆತ ಫೋಟೊ ತೆಗೆದಿದ್ದ. ಅದರಲ್ಲಿ ಕ್ಯಾಲಿಪರ್ ಬಿಚ್ಚಿ, ಅಷ್ಟೂ ಭಾರವನ್ನು ಹೋಸಿನ ಮೇಲೆ ನೇತುಬಿಟ್ಟಿದ್ದಾರೆ. ಇದೊಂದೇ ಕಾರಣ ಅಂತ ಪ್ರಮಾಣ ಮಾಡಿ ಹೇಳಲಾರೆ. ಆದರೆ ಹೋಸಿನ ಒಳಪದರ ಕಿತ್ತುಹೋಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಒಂದು ತುಂಡು ತಂತಿಯಿಂದ ಕ್ಯಾಲಿಪರನ್ನು ಸ್ಪ್ರಿಂಗಿಗೆ ಕಟ್ಟಿ ನಿಲ್ಲಿಸಿದ್ದರೆ ಸಾಕಿತ್ತು.

ಏನೇನು ಮಾಡಿದೆವು

ಮುಂದಿನ ಎರಡೂ ಹೋಸ್ ಬದಲಿಸೋಣ ಅಂದೆ. "ಒಂದು ಹೋಸ್ ತಾನೇ ಹಾಳಾಗಿದ್ದು? ಎರಡು ಯಾಕೆ?" ಅಂತ ಮಾಲೀಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಬಲಗಡೆಯದ್ದೂ ಅದೇ ವಯಸ್ಸಿನದು, ಅದೇ ಕೈಗಳು ಅದೇ ರೀತಿ ನೇತುಹಾಕಿರುವ ಸಾಧ್ಯತೆ ಇದೆ, ಒಳಗೆ ಹೇಗಿದೆ ಅಂತ ಹೊರಗಿನಿಂದ ನೋಡಲು ಆಗುವುದಿಲ್ಲ. ಎರಡೂ ಹೋಸ್ ಸೇರಿದರೂ ಅವರು ಆಗಲೇ ಹಾಕಿಸಿದ್ದ ಮಾಸ್ಟರ್ ಸಿಲಿಂಡರಿನ ಬೆಲೆ ಆಗುವುದಿಲ್ಲ. ಒಪ್ಪಿದರು.

ಎಡಕ್ಯಾಲಿಪರಿನ ಪಿಸ್ಟನ್ ಸೀಲ್ ಬದಲಿಸಿದೆವು. ಪ್ಯಾಡನ್ನು ಡಿಸ್ಕಿನಿಂದ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಆ ಚೌಕ ರಬ್ಬರ್ ರಿಂಗ್. ಅಷ್ಟು ಕಾದ ಮೇಲೆ ಅದನ್ನು ನಂಬಲು ಆಗುವುದಿಲ್ಲ. ಡಿಸ್ಕಿನ ದಪ್ಪ ಅದರ ಮೇಲೇ ಕೆತ್ತಿರುವ ಕನಿಷ್ಠ ಅಳತೆಗಿಂತ ಹೆಚ್ಚಿತ್ತು. ಆದರೆ ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಓಲಾಟ ಕಂಡಿತು. ನೀರು ಹೊಯ್ದದ್ದರ ಫಲ ಇರಬಹುದು. ಮುಂದಿನ ಎರಡೂ ಡಿಸ್ಕ್, ಎರಡೂ ಕಡೆಯ ಪ್ಯಾಡ್ ಜೋಡಿಯಾಗಿ ಬದಲಾದವು. ಸ್ಲೈಡ್ ಪಿನ್‌ಗಳಿಗೆ ಸಿಲಿಕೋನ್ ಗ್ರೀಸ್ ಹಾಕಿದೆವು. ಮಾಮೂಲಿ ಗ್ರೀಸ್ ಇಲ್ಲಿ ಬೇಡವೇ ಬೇಡ, ಬ್ರೇಕಿನ ರಬ್ಬರ್ ಅದಕ್ಕೆ ಊದಿಕೊಳ್ಳುತ್ತದೆ. ಇದೇ ಕಾರಣಕ್ಕೆ ಡಬ್ಬಿಯ ಮುಚ್ಚಳದ ಒಳಗಿನ ರಬ್ಬರನ್ನೂ ನೋಡಿದ್ದೆವು. ಯಾರಾದರೂ ತಪ್ಪಿ ಇಂಜಿನ್ ಆಯಿಲ್ಲೋ ಪವರ್ ಸ್ಟೀರಿಂಗ್ ಆಯಿಲ್ಲೋ ಹಾಕಿದ್ದರೆ ಆ ರಬ್ಬರ್ ಉಬ್ಬಿ ಅಂಟಂಟಾಗಿರುತ್ತದೆ. ಇಲ್ಲಿ ಚೆನ್ನಾಗಿತ್ತು. ಹಿಂದಿನ ಡ್ರಮ್, ಅದನ್ನು ಒಳಗಿನಿಂದ ಒತ್ತುವ ಶೂ, ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ಗಳಲ್ಲಿ ಹೇಳುವಂಥ ದೋಷ ಇರಲಿಲ್ಲ, ಶುಚಿ ಮಾಡಿ ಹೊಂದಿಸಿದೆವು.

ಆಮೇಲೆ ಆಯಿಲ್. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 4 ಅಂತ ಇತ್ತು, ಅದನ್ನೇ ಸೀಲ್ ಒಡೆಯದ ಬಾಟಲಿಯಿಂದ ತೆಗೆದುಕೊಂಡೆವು. ಮಳೆಗಾಲದಲ್ಲಿ ಗ್ಯಾರೇಜಿನ ಕಪಾಟಿನಲ್ಲಿ ಅರ್ಧ ಉಳಿದ ಬಾಟಲಿ ಇಟ್ಟುಕೊಂಡು ಮುಂದಿನ ಗಾಡಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ಅದು ಕೂತಲ್ಲೇ ನೀರು ಕುಡಿಯುತ್ತದೆ. ಚಿಕ್ಕ ಬಾಟಲಿ ತಂದು ಅಂದೇ ಮುಗಿಸುವುದು ಒಳ್ಳೆಯದು. ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಎಡಚಕ್ರದಿಂದ ಶುರು ಮಾಡಿ ಹತ್ತಿರದ ಮುಂದಿನ ಬಲಚಕ್ರದವರೆಗೆ ಬಂದೆವು. ನಾಲ್ಕೂ ನಿಪ್ಪಲ್‌ನಿಂದ ತಿಳಿ ಆಯಿಲ್ ಬರುವವರೆಗೆ ಬಿಡಲಿಲ್ಲ. ಕೆಲವು ಗಾಡಿಗಳಿಗೆ ಈ ಕ್ರಮ ಬೇರೆ ಇರುತ್ತದೆ, ಕೈಪಿಡಿ ನೋಡಬೇಕು. ಎಬಿಎಸ್ ಇರುವ ಕೆಲವು ಗಾಡಿಗಳಿಗೆ ಸ್ಕ್ಯಾನರ್ ಕೂಡ ಬೇಕಾಗುತ್ತದೆ. ಡಬ್ಬಿ ಮಧ್ಯದಲ್ಲಿ ಖಾಲಿಯಾಗಲು ಬಿಡಬಾರದು. ತೆಗೆದ ಆಯಿಲ್ ವಾಪಸ್ ಹಾಕಬಾರದು. ಬಾಡಿಯ ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರಲ್ಲಿ ತೊಳೆಯಬೇಕು.

ಏನಾಯಿತು

ಸಮತಟ್ಟು ರಸ್ತೆಯಲ್ಲಿ ಅದೇ ಪರೀಕ್ಷೆ ಮತ್ತೆ ಮಾಡಿದೆವು. ಎಡ ಬಲ ಎರಡೂ ಡಿಸ್ಕ್ ಹೆಚ್ಚೂಕಡಿಮೆ ಒಂದೇ ಸಮ ಕಾದವು, ಒಂದೇ ಸಮ ಆರಿದವು. ಜ್ಯಾಕ್ ಕೊಟ್ಟಾಗ ಎರಡೂ ಚಕ್ರ ತಿರುಗಿದವು. ಅದಾದ ಮೇಲಷ್ಟೇ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಗುಂಬೆ ಇಳಿದೆ.

ಆ ಪ್ರಯಾಣದಲ್ಲಿ ಇನ್ನೊಂದು ವಿಷಯ ಹೊರಬಂತು. ನಾನು ಎರಡನೇ ಗೇರಿನಲ್ಲಿ ಇಳಿಸುತ್ತಿದ್ದೆ, ಬ್ರೇಕನ್ನು ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡುತ್ತಿದ್ದೆ. "ನಾನು ಮೂರರಲ್ಲಿ ಇಳಿಸೋದು, ಕಾಲು ಬ್ರೇಕಿನ ಮೇಲೇ ಇರ್ತದೆ. ಎರಡರಲ್ಲಿ ಇಂಜಿನ್ ಕೂಗ್ತದಲ್ಲ, ಪೆಟ್ರೋಲ್ ಜಾಸ್ತಿ ಕುಡಿಯೋದಿಲ್ವಾ?" ಅಂದರು. ಇಂಜೆಕ್ಷನ್ ಇರುವ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಸರಬರಾಜೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಉರಿಯುತ್ತಿರಲು ಪೆಟ್ರೋಲ್ ಬೇಕು. ಅಂದರೆ ಗೇರಿನಲ್ಲಿ ಇಳಿಯುವುದೇ ಉಳಿತಾಯ. ಇದನ್ನು ಕೇಳಿ ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

ಘಾಟಿಯ ಬುಡದ ಸೋಮೇಶ್ವರದಲ್ಲಿ ನಿಲ್ಲಿಸಿ ಅಳೆದಾಗ ಎರಡೂ ಚಕ್ರಗಳ ಬಿಸಿಯಲ್ಲಿ ಹೇಳುವಂಥ ಅಂತರ ಇರಲಿಲ್ಲ. ಪೆಡಲ್ ಮೇಲೆ ಹೇಗಿತ್ತೋ ಕೆಳಗೂ ಹಾಗೇ ಇತ್ತು.

ಈ ಪ್ರಕರಣದಿಂದ ತೆಗೆದುಕೊಳ್ಳಬೇಕಾದದ್ದು

ಹೋಸ್, ಆಯಿಲ್, ಇಳಿಸುವ ರೀತಿ, ಮೂರರಲ್ಲಿ ಯಾವುದೋ ಒಂದು ಸರಿಯಿದ್ದಿದ್ದರೂ ಪೆಡಲ್ ನೆಲ ಮುಟ್ಟುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಹಿಂದಿನ ಮಳೆಗಾಲದಲ್ಲಿ ದೂರು ಇರಲಿಲ್ಲ ಅನ್ನುವುದು ಇದಕ್ಕೆ ಹೊಂದುತ್ತದೆ. ಮಳೆಯಲ್ಲಿ ಅವರು ನಿಧಾನ ಇಳಿಸುತ್ತಿದ್ದರು, ಅಷ್ಟು ಬಿಸಿಯೇ ಹುಟ್ಟುತ್ತಿರಲಿಲ್ಲ. ಹಾಗಾಗಿ ಬಿಸಿಯಲ್ಲಿ ಮಾತ್ರ ಕಾಣುವ ದೋಷವನ್ನು ಬಿಸಿಯಲ್ಲೇ ಹುಡುಕಬೇಕು. ತಣ್ಣಗಿನ ಗಾಡಿಯ ಪೆಡಲ್ ಒತ್ತಿ ನೋಡಿ ಸಾಮಾನು ಬದಲಿಸುವುದು ಬರೀ ಊಹೆ.

ಕಾರು ಇಟ್ಟವರು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಎರಡು ವರ್ಷಕ್ಕೊಮ್ಮೆ, ಅಥವಾ ನಿಮ್ಮ ಕೈಪಿಡಿ ಇನ್ನೂ ಬೇಗ ಅಂದರೆ ಆಗ, ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ನಮ್ಮ ಕಡೆಯವರು ಮಳೆಗಾಲ ಮುಗಿದ ಮೇಲೆ ಮಾಡಿಸಿದರೆ ಒಳ್ಳೆಯದು. ಟಾಪ್ ಅಪ್ ಬಿಲ್ ತೋರಿಸಿದರೆ ಯಾಕೆ ಕಡಿಮೆಯಾಯಿತು ಅಂತ ಕೇಳಿ. ಆಯಿಲ್ ಇಳಿಯುವುದು ಪ್ಯಾಡ್ ಸವೆದಿದ್ದಕ್ಕೆ ಇಲ್ಲವೇ ಎಲ್ಲೋ ಸೋರುತ್ತಿರುವುದಕ್ಕೆ. ಎರಡನ್ನೂ ನೋಡಬೇಕು. ಸುಟ್ಟ ವಾಸನೆ ಬಂದರೆ ಯಾವ ಕಡೆಯಿಂದ ಅಂತ ಗಮನಿಸಿ, ನಿಲ್ಲಿಸಿ, ಚಕ್ರಗಳ ಹತ್ತಿರ ಕೈ ತಂದು ನೋಡಿ, ಮುಟ್ಟಬೇಡಿ. ಗ್ಯಾರೇಜಿಗೆ ಬರುವಾಗ ಗಾಡಿಯಲ್ಲಿ ಕೂತಿದ್ದವರನ್ನೂ ಕರೆತನ್ನಿ. ಅವರ ಕಣ್ಣು, ಮೂಗು ರಸ್ತೆಯ ಮೇಲೆ ಇರುವುದಿಲ್ಲ, ಗಾಡಿಯ ಮೇಲೆ ಇರುತ್ತದೆ.

ನಮ್ಮ ಗ್ಯಾರೇಜಿನಲ್ಲಿ ಈಗ ಪ್ರತಿ ಬ್ರೇಕ್ ಕೆಲಸಕ್ಕೂ ಆಯಿಲ್ ಸ್ಯಾಂಪಲನ್ನು ಡಬ್ಬಿಯಿಂದ ತೆಗೆಯುವುದಿಲ್ಲ, ನಿಪ್ಪಲ್‌ನಿಂದ ತೆಗೆಯುತ್ತೇವೆ. ನಾಲ್ಕೂ ಚಕ್ರದ ಪ್ಯಾಡ್, ಶೂ ದಪ್ಪವನ್ನು ಒಳಗಿನದ್ದು ಬೇರೆ, ಹೊರಗಿನದ್ದು ಬೇರೆ ಅಳೆದು ಕಾರ್ಡಿನಲ್ಲಿ ಬರೆದು ಮಾಲೀಕರಿಗೆ ಕೊಡುತ್ತೇವೆ. ಈ ಕಾರು ಒಂದು ಮಳೆಗಾಲ ಕಳೆದು ಮತ್ತೆ ಬಂದಿತ್ತು. ಮುಂದಿನ ನಾಲ್ಕೂ ಪ್ಯಾಡ್‌ಗಳ ಅಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಲಿಲ್ಲ. ಆಯಿಲ್ ಬದಲಿಸಬೇಕಾದ ಮುಂದಿನ ತಿಂಗಳನ್ನು ಕಾರ್ಡಿನಲ್ಲಿ ಬರೆದು ಕಳಿಸಿದ್ದೇವೆ.